ಚಿತ್ತೆಯ ಕೆಳಗಿನ ಜನಜಂಗುಳಿ

ಮೇ ತಿಂಗಳ ಮಧ್ಯ, ರಾತ್ರಿ ಒಂಬತ್ತೂವರೆ. ಪಾವಗಡದ ಆಚೆ, ಬೀದಿದೀಪ ಕಾಣದ ಬಯಲು. ನೆಲ ಇನ್ನೂ ಬಿಸಿ ಉಸಿರು ಬಿಡುತ್ತಿದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತು ಮೊದಲು ಚಿತ್ತಾ ನಕ್ಷತ್ರ ಹುಡುಕಿ. ಅಲ್ಲಿಂದ ನೇರ ಕೆಳಗಿಳಿಯಿರಿ. ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಹತ್ತು ಡಿಗ್ರಿ. ಮೂರೂವರೆ ಮುಷ್ಟಿ ಇಳಿದಾಗ ಒಂದು ಮಬ್ಬು ಚುಕ್ಕಿ ಸಿಗುತ್ತದೆ. ಅದರ ಮೇಲೇ ಕಣ್ಣು ನೆಟ್ಟರೆ ಮಸುಕಾಗುತ್ತದೆ, ತುಸು ಪಕ್ಕಕ್ಕೆ ನೋಡಿದರೆ ಮತ್ತೆ ಮೂಡುತ್ತದೆ. ಈಗ ಬೈನಾಕ್ಯುಲರ್ ಎತ್ತಿ. ಚುಕ್ಕಿ ಅಗಲವಾಗಿ, ಅಂಚು ಕರಗಿದ ದುಂಡನೆಯ ಬೆಳಕಾಗುತ್ತದೆ.

ಇದು ಒಮೆಗಾ ಸೆಂಟಾರಿ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ಇದನ್ನು ನೋಡಿದ ಎಡ್ಮಂಡ್ ಹ್ಯಾಲಿ, ಇದು ಒಂಟಿ ನಕ್ಷತ್ರವಲ್ಲ ಎಂದು ಗುರುತಿಸಿದ. ಸುಮಾರು 17,700 ಜ್ಯೋತಿರ್ವರ್ಷ ದೂರದಲ್ಲಿ, ಹತ್ತಿರಹತ್ತಿರ ಒಂದು ಕೋಟಿ ನಕ್ಷತ್ರಗಳು ಪರಸ್ಪರ ಸೆಳೆತದಲ್ಲೇ ಒಟ್ಟಿಗಿರುವ ಗೋಳಾಕಾರದ ಗುಚ್ಛ.

ಅಲ್ಲಿಗೇ ಹೋಗೋಣ, ನಟ್ಟನಡುವಿಗೆ. ಅಲ್ಲೊಂದು ಗ್ರಹವಿದೆ, ನೀವು ಅದರ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ. ಸೂರ್ಯ ಮುಳುಗಿದ್ದಾನೆ, ಕತ್ತಲು ಮಾತ್ರ ಬರುತ್ತಿಲ್ಲ. ಇಲ್ಲಿ ನಕ್ಷತ್ರಗಳ ನಡುವಿನ ಅಂತರ ನಮ್ಮ ಸೂರ್ಯನಿಗೂ ಅವನ ಅತಿ ಸಮೀಪದ ನೆರೆಯ ನಕ್ಷತ್ರಕ್ಕೂ ಇರುವ ಅಂತರದ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅವೆಲ್ಲದರ ಬೆಳಕನ್ನು ಕೂಡಿಸಿದರೆ ಹೆಚ್ಚುಕಡಿಮೆ ಹುಣ್ಣಿಮೆಯಷ್ಟಾಗುತ್ತದೆ. ಪ್ರತಿ ರಾತ್ರಿಯೂ ಚಂದ್ರನಿಲ್ಲದ ಹುಣ್ಣಿಮೆ. ಎದ್ದು ಕಾಣುವವು ಕೆಂಡದ ಬಣ್ಣದ ಕೆಂಪು ದೈತ್ಯಗಳು. ಅವುಗಳ ನಡುನಡುವೆ ಅಲ್ಲೊಂದು ಇಲ್ಲೊಂದು ಕಡುನೀಲಿ.

ಆ ನೀಲಿಯೇ ವಿಚಿತ್ರ. ಗುಚ್ಛದ ವಯಸ್ಸು ಸುಮಾರು 1,200 ಕೋಟಿ ವರ್ಷ. ಇಷ್ಟು ಹೊತ್ತಿಗೆ ಸೂರ್ಯನ ತೂಕದ ನಕ್ಷತ್ರಗಳೂ ಹೈಡ್ರೋಜನ್ ಮುಗಿಸಿಕೊಂಡಿರಬೇಕು; ಸುಮಾರು 0.8 ಸೂರ್ಯನಷ್ಟು ತೂಕದವು ಈಗ ಮುದಿತನಕ್ಕೆ ಕಾಲಿಡುತ್ತಿವೆ. ಹಾಗಿದ್ದರೆ ಬಿಸಿಯಾಗಿ, ನೀಲಿಯಾಗಿ ಉರಿಯುವ ಈ ಯೌವನ ಎಲ್ಲಿಂದ ಬಂತು? 1953ರಲ್ಲಿ ಎಂ3 ಎಂಬ ಇನ್ನೊಂದು ಗುಚ್ಛದಲ್ಲಿ ಇಂಥವನ್ನು ಮೊದಲು ಗುರುತಿಸಿದವರು ಆಲನ್ ಸ್ಯಾಂಡೇಜ್. ಬ್ಲೂ ಸ್ಟ್ರಾಗ್ಲರ್ ಎಂಬ ಹೆಸರು ಉಳಿದುಕೊಂಡಿತು. ಎರಡು ನಕ್ಷತ್ರ ಡಿಕ್ಕಿ ಹೊಡೆದು ಒಂದಾಗಿರಬೇಕು, ಇಲ್ಲವೇ ಜೋಡಿಯಲ್ಲಿ ಒಂದು ಇನ್ನೊಂದರ ಅನಿಲವನ್ನು ಎಳೆದುಕೊಂಡಿರಬೇಕು. 47 ಟುಕಾನೆ ಗುಚ್ಛದ ತಿರುಳಿನಲ್ಲಿದ್ದ ಒಂದನ್ನು 1997ರಲ್ಲಿ ಹಬಲ್ ದೂರದರ್ಶಕದ ನೆರವಿನಿಂದ ತೂಗಿದಾಗ 1.7 ಸೂರ್ಯನಷ್ಟು ಭಾರ ಬಂತು. ಎರಡು ಬದುಕು ಸೇರಿದರೆ ಬರುವ ಲೆಕ್ಕವೇ ಅದು.

ಈಗ ಭೂಮಿಗೆ ಮರಳಿ ಕಂಪ್ಯೂಟರ್ ಪರದೆಯ ಮುಂದೆ ಕೂತುಕೊಳ್ಳಿ. ಒಮೆಗಾ ಸೆಂಟಾರಿಯ ಮಧ್ಯದ ಚಿತ್ರ ತೆರೆಯಿರಿ, ಹಿಗ್ಗಿಸುತ್ತಾ ಹೋಗಿ. ಕೆಂಪು ದೈತ್ಯಗಳ ಬೆಳಕು ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆಲ್ಲ ಚೆಲ್ಲಿದೆ. ಒಂದು ನಕ್ಷತ್ರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು, ಹೇಳಲಾಗದು. ಎಣಿಸಲು ಹೊರಟವರು ಮೊದಲು ಬಿಡಿಸಬೇಕು. ಹಾಗೆ ಬಿಡಿಸಲು ಇರುವ ಎರಡು ದಾರಿಗಳೂ ನನಗೆ ಬಹಳ ಇಷ್ಟ.

ಒಂದು, ಬೆಳಕನ್ನೇ ಬದಲಿಸುವುದು. ನೇರಳಾತೀತದಲ್ಲಿ ನೋಡಿ: ತಂಪಾದ ಕೆಂಪು ದೈತ್ಯಗಳು ಒಮ್ಮೆಗೇ ಅಳಿಸಿಹೋಗುತ್ತವೆ, ಬಿಸಿಯವು ಮಾತ್ರ ಬಿಡಿಬಿಡಿಯಾಗಿ ಉಳಿಯುತ್ತವೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನ ಯುವಿಐಟಿ ಈ ಕೆಲಸಕ್ಕೆ ಹೇಳಿಮಾಡಿಸಿದ ಉಪಕರಣ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮುಂದಾಳತ್ವದಲ್ಲಿ, ಹೊಸಕೋಟೆಯ ಕ್ರೆಸ್ಟ್ ಆವರಣದಲ್ಲಿ ಜೋಡಣೆಗೊಂಡ 38 ಸೆಂಟಿಮೀಟರಿನ ಅವಳಿ ದೂರದರ್ಶಕಗಳವು. ತೀರಾ ಕಿಕ್ಕಿರಿದ ನಡುವನ್ನು ಹಬಲ್ ಬಿಡಿಸಿಕೊಟ್ಟರೆ, ಯುವಿಐಟಿಯ ವಿಶಾಲ ಕಣ್ಣು ಗುಚ್ಛದ ಹೊರಭಾಗವನ್ನೆಲ್ಲ ಹಿಡಿಯುತ್ತದೆ. ಎನ್‌ಜಿಸಿ 5466 ಎಂಬ ಗುಚ್ಛದ ಅಂಚಿನಲ್ಲಿ ಒಂದು ಬ್ಲೂ ಸ್ಟ್ರಾಗ್ಲರ್ ತನ್ನ ಪಕ್ಕದಲ್ಲೇ ಬಿಸಿ ಶ್ವೇತ ಕುಬ್ಜವನ್ನು ಬಚ್ಚಿಟ್ಟುಕೊಂಡಿತ್ತು. 2019ರಲ್ಲಿ ಯುವಿಐಟಿ ಅದನ್ನು ಹೊರಗೆಳೆಯಿತು. ಅನಿಲ ಕೊಟ್ಟು ಬರಿದಾದ ಜೊತೆಗಾರ ಅದು. ಒಂದು ನಕ್ಷತ್ರದ ಹಿಂದಿನ ಬದುಕನ್ನು ಇಷ್ಟು ಸ್ಪಷ್ಟವಾಗಿ ಓದಲು ಸಿಗುವುದು ಅಪರೂಪ.

ಬ್ಲೂ ಸ್ಟ್ರಾಗ್ಲರ್‌ಗಳು ಎಲ್ಲಿವೆ ಎಂಬುದೂ ಮುಖ್ಯ. ಗುಚ್ಛದೊಳಗೆ ನಡೆಯುವುದು ಮೊರದಲ್ಲಿ ರಾಗಿ ಕೇರುವ ಕೆಲಸ: ನಕ್ಷತ್ರಗಳು ಹತ್ತಿರ ಹಾದಾಗಲೆಲ್ಲ ಹಗುರಾದವು ವೇಗ ಪಡೆದು ಅಂಚಿಗೆ ಹೋಗುತ್ತವೆ, ಭಾರದವು ಒಳಗೆ ಕೂರುತ್ತವೆ. 47 ಟುಕಾನೆಯಲ್ಲಿ ಬ್ಲೂ ಸ್ಟ್ರಾಗ್ಲರ್‌ಗಳು ಹಾಗೆಯೇ ನಡುವಿನಲ್ಲಿ ನೆರೆದಿವೆ. ಒಮೆಗಾ ಸೆಂಟಾರಿಯಲ್ಲಿ ನೆರೆದಿಲ್ಲ. ಅದು ಎಷ್ಟು ದೊಡ್ಡದೆಂದರೆ 1,200 ಕೋಟಿ ವರ್ಷಕ್ಕೂ ಆ ಕೇರುವಿಕೆ ಮುಗಿದಿಲ್ಲ. ಅದರ ಸಾಮಾನ್ಯ ನಕ್ಷತ್ರಗಳೂ ಒಂದೇ ಬಗೆಯವಲ್ಲ. ಹೀಲಿಯಂ ಹೆಚ್ಚಿರುವ ಬೇರೆಯದೇ ಒಂದು ಪೀಳಿಗೆ ಒಳಗೆ ಬೆರೆತಿದೆ. ಕ್ಷೀರಪಥ ಎಂದೋ ನುಂಗಿದ ಪುಟ್ಟ ಗೆಲಾಕ್ಸಿಯೊಂದರ ಉಳಿದ ತಿರುಳೇ ಇದು ಎಂದು ಹಲವರು ನಂಬುವುದು ಇದರಿಂದಲೇ.

ಎರಡನೆಯ ದಾರಿ, ಕಾಯುವುದು. ಹಬಲ್ ಎರಡು ದಶಕಗಳಲ್ಲಿ ತೆಗೆದ ಈ ಗುಚ್ಛದ 500ಕ್ಕೂ ಹೆಚ್ಚು ಚಿತ್ರಗಳು ಪರದೆಯ ಮೇಲಿವೆ. ಬಹುಪಾಲು ತೆಗೆದದ್ದು ಉಪಕರಣವನ್ನು ಸರಿಹೊಂದಿಸಿಕೊಳ್ಳಲು, ಯಾವ ಶೋಧಕ್ಕೂ ಅಲ್ಲ. ಅವನ್ನು ಒಂದರ ಮೇಲೊಂದು ಕೂರಿಸಿ. ಸಾಧಾರಣ ನಕ್ಷತ್ರ ವರ್ಷಕ್ಕೆ ಒಂದು ಪಿಕ್ಸೆಲ್‌ನ ಐವತ್ತರಲ್ಲಿ ಒಂದು ಪಾಲಿನಷ್ಟು ಸರಿಯುತ್ತದೆ. ಹೈಡಲ್‌ಬರ್ಗ್‌ನ ಮ್ಯಾಕ್ಸಿಮಿಲಿಯನ್ ಹೇಬರ್ಲೆ ಮತ್ತು ಸಂಗಡಿಗರು 14 ಲಕ್ಷ ನಕ್ಷತ್ರಗಳ ಈ ಚಲನೆಯನ್ನು ಅಳೆದರು. ಅಷ್ಟೂ ನಕ್ಷತ್ರಗಳಲ್ಲಿ, ನಟ್ಟನಡುವೆ, ಕಾಲು ಜ್ಯೋತಿರ್ವರ್ಷದಷ್ಟೇ ಜಾಗದಲ್ಲಿ, ಏಳು ಮಂದ ನಕ್ಷತ್ರಗಳು ಲೆಕ್ಕಕ್ಕೆ ಮೀರಿ ಓಡುತ್ತಿದ್ದವು. ಸೆಕೆಂಡಿಗೆ 62 ಕಿಲೋಮೀಟರ್ ದಾಟಿದರೆ ಗುಚ್ಛ ಬಿಟ್ಟು ಹೊರಬೀಳಬೇಕಿತ್ತು. ಒಂದರ ವೇಗ 110 ಮೀರಿತ್ತು. ಆದರೂ ಅವು ಅಲ್ಲೇ ಇವೆ.

ಅವನ್ನು ಹಿಡಿದಿಟ್ಟಿರುವುದು ಕನಿಷ್ಠ 8,200 ಸೂರ್ಯರ ತೂಕದ ಕಪ್ಪುಕುಳಿ ಎಂದು 2024ರ ಜುಲೈನಲ್ಲಿ ಅವರು ‘ನೇಚರ್’ನಲ್ಲಿ ಬರೆದರು. ಗುಚ್ಛದ ಪಲ್ಸಾರ್‌ಗಳನ್ನೂ ಲೆಕ್ಕಕ್ಕೆ ಹಿಡಿದ ಇನ್ನೊಂದು ತಂಡ, ಅಲ್ಲಿರುವುದು ಸಣ್ಣ ಕಪ್ಪುಕುಳಿಗಳ ಹಿಂಡು ಎನ್ನುತ್ತದೆ. ನನಗೆ ಆ ಏಳು ನಕ್ಷತ್ರಗಳ ಸಾಕ್ಷಿಯೇ ಗಟ್ಟಿಯೆನಿಸುತ್ತದೆ, ಆದರೆ ಅದು ಅರ್ಧ ಸಾಕ್ಷಿ: ಚಿತ್ರಗಳು ಹೇಳುವುದು ಅಡ್ಡಕ್ಕೆ ಸರಿದದ್ದನ್ನು ಮಾತ್ರ. ನಮ್ಮತ್ತ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ತಿಳಿಯಲು ಪ್ರತಿಯೊಂದರ ರೋಹಿತವನ್ನೂ ಬೇರೆಬೇರೆಯಾಗಿ ಹಿಡಿಯಬೇಕು, ಅದಕ್ಕಾಗಿ ಹೇಬರ್ಲೆ ತಂಡ ಜೇಮ್ಸ್ ವೆಬ್ ದೂರದರ್ಶಕದ ಸಮಯ ಪಡೆದಿದೆ.