ಶಾಲಿನ ಮೇಲೆ ಬಿದ್ದ ಬಳೆಗಳು

ಹುಣಸೂರು ದಾಟಿ ಗೋಣಿಕೊಪ್ಪ ಮುಟ್ಟುವವರೆಗೂ ಅವ್ವ ತುಟಿ ಬಿಚ್ಚಲಿಲ್ಲ. 2019ರ ಡಿಸೆಂಬರ್ 25. ಮರುದಿನ ಬೆಳಗ್ಗೆ ಕಂಕಣ ಸೂರ್ಯಗ್ರಹಣ. ಕರ್ನಾಟಕದಲ್ಲಿ ಅದು ಚೆನ್ನಾಗಿ ಕಾಣುವ ಜಾಗಗಳಲ್ಲಿ ಕೊಡಗಿನ ಕುಟ್ಟವೂ ಒಂದು. ಮೈಸೂರಿನ ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಬರಲಾಗದೆ ಅವಳನ್ನೂ ಹೊರಡಿಸಿದ್ದೆ. ಶ್ರೀಮಂಗಲದ ತಿರುವುಗಳಲ್ಲಿ ಒಮ್ಮೆ ಮಾತ್ರ ಹೇಳಿದಳು: “ನೀ ಬೇಕಾದ್ರ ನೋಡು. ನಾ ಗಾಡಿ ಬಿಟ್ಟು ಇಳಿಯಂಗಿಲ್ಲ.”

ಈ ಹೆದರಿಕೆ ನನಗೆ ಹಳೆಯ ಪರಿಚಯ. 1980ರ ಫೆಬ್ರುವರಿ 16ರಂದು ಹುಬ್ಬಳ್ಳಿಯಲ್ಲಿ ಖಗ್ರಾಸ ಗ್ರಹಣವಾದಾಗ ನನಗೆ ಎಂಟು ವರ್ಷ. ದೇಶವಿದೇಶದ ವಿಜ್ಞಾನಿಗಳು ದೂರದರ್ಶಕ ಹೊತ್ತು ನಮ್ಮ ಸೀಮೆಗೆ ಬಂದಿದ್ದರು. ನಾವು ಕಿಟಕಿಗೆ ಕೌದಿ ಕಟ್ಟಿಕೊಂಡು ಒಳಗೆ ಕೂತಿದ್ದೆವು. ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ, ನೀರಿನ ಕೊಡದಲ್ಲಿ ದರ್ಭೆ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಓಣಿಯ ಸದ್ದೆಲ್ಲ ಅಡಗಿ, ಎಲ್ಲೋ ಒಂದು ನಾಯಿ ಊಳಿಟ್ಟದ್ದು ಈಗಲೂ ಕಿವಿಯಲ್ಲಿದೆ. ಮನೆ ಬಾಗಿಲಿಗೆ ಬಂದದ್ದನ್ನು ನೋಡದೆ ಹೋದ ಕೊರಗು ನಲವತ್ತು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಕುಟ್ಟದ ಹತ್ತಿರದ ಕಾಯಿಮಾನಿಯಲ್ಲಿ ಎಂಟು ಗಂಟೆಗೇ ಜನ ನೆರೆದಿದ್ದರು. ಗ್ರಹಣದ ಕನ್ನಡಕ ಹಾಕಿಕೊಂಡ ಮಕ್ಕಳು ಎಲ್ಲರಿಗಿಂತ ಮುಂದೆ. ಕಾರನ್ನು ತೋಟದ ಅಂಚಿನಲ್ಲಿ, ಮೆಣಸಿನ ಬಳ್ಳಿ ಹಬ್ಬಿದ ಮರದ ಕೆಳಗೆ ನಿಲ್ಲಿಸಿದೆ. ಅವ್ವ ಗಾಜು ಏರಿಸಿ, ಬಿಳಿ ಶಾಲು ತಲೆತುಂಬ ಹೊದ್ದು ಕೂತಳು.

9.25ರ ಸುಮಾರಿಗೆ ಉಂಗುರ ಕೂಡಿತು. ಕನ್ನಡಕದೊಳಗೆ ಕಪ್ಪು ಬಿಲ್ಲೆ, ಸುತ್ತ ಒಂದೆಳೆ ಬೆಂಕಿ. ಬಯಲು ಒಮ್ಮೆಲೇ ಹೋ ಎಂದಿತು. ಬಿಸಿಲು ಸಪ್ಪೆಯಾಗಿ ಮೈ ಮೇಲೆ ತಣ್ಣಗೆ ಗಾಳಿ ಸುಳಿಯಿತು. ನನ್ನ ಹಿಂದೆ ಕಾರಿನ ಬಾಗಿಲು ತೆರೆದ ಸದ್ದು.

“ಕತ್ತಲಿ ಆಗಲೇ ಇಲ್ಲಲ್ಲ?”

ಅವಳ ದನಿಯಲ್ಲಿ ಅಂಜಿಕೆಗಿಂತ ನಿರಾಸೆಯೇ ಹೆಚ್ಚಿತ್ತು. ಇವತ್ತು ಚಂದ್ರ ಭೂಮಿಯಿಂದ ದೂರವಿದ್ದಾನೆ, ಸೂರ್ಯನನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದಾಗಿ ಕಾಣುವುದಿಲ್ಲ, ಅದಕ್ಕೇ ಅಂಚು ಉಳಿದಿದೆ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ತನ್ನ ಶಾಲನ್ನೇ ನೋಡುತ್ತಿದ್ದಳು. ಎಲೆಗಳ ನಡುವಿನ ಒಂದೊಂದು ಸಂದೂ ಸೂರ್ಯನ ಬಿಂಬವನ್ನು ಕೆಳಗಿಳಿಸಿತ್ತು. ಬಿಳಿ ಬಟ್ಟೆಯ ತುಂಬ ಬೆಳಕಿನ ಉಂಗುರಗಳು, ಒಂದರ ಮೇಲೊಂದು ಹಾಯ್ದು, ಗಾಳಿಗೆ ನಡುಗುತ್ತ.

“ಬಳಿ,” ಅಂದಳು. “ಸಣ್ಣ ಕೂಸಿನ ಬಳಿ.” ಒಂದು ಬಳೆ ಜಾರದಂತೆ ಶಾಲಿನ ಚುಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೂರು ನಿಮಿಷದ ಹತ್ತಿರ ಅಷ್ಟೆ. ಆಮೇಲೆ ಬಳೆಗಳು ಒಡೆದು ಕುಡುಗೋಲಾದವು.

ಸಂಜೆ ಉಳಿದುಕೊಂಡ ಮನೆಯ ಟೀವಿಯಲ್ಲಿ ಕಲಬುರಗಿಯ ತಾಜಸುಲ್ತಾನಪುರದ ಸುದ್ದಿ ಬಂತು. ಅದೇ ಗ್ರಹಣದ ಹೊತ್ತಿನಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ನನ್ನ ಹೊಟ್ಟೆ ತೊಳಸಿತು. ಇವರೆಂಥ ತಾಯಂದಿರು ಎಂದುಬಿಟ್ಟೆ.

“ಬೈಬ್ಯಾಡ,” ಅಂದಳು ಅವ್ವ. “ಕೂಸು ಎದ್ದು ನಡೀತದ ಅಂತ ಯಾರರ ಹೇಳಿದ್ರ ನಾನೂ ಹೂಳತಿದ್ನೇನೋ. ಆಗ ನನಗ ಹೇಳವ್ರು ಯಾರಿದ್ರು?”

ನನಗೆ ಉತ್ತರ ಹೊಳೆಯಲಿಲ್ಲ. ದೀಪ ಆರಿಸಿ ಮಲಗಿದ ಮೇಲೆ, ಬಹಳ ಹೊತ್ತಾದ ಮೇಲೆ, ಕತ್ತಲಲ್ಲಿ ಅವಳ ದನಿ ಬಂತು.

“ಆವತ್ತ ಹುಬ್ಬಳ್ಯಾಗ, ನಿಮ್ಮನ್ನೆಲ್ಲ ಒಳಗ ಕುಂದ್ರಿಸಿ, ನಾ ಹಿತ್ತಲ ಬಾಗಲಾ ಒಂಚೂರು ತಗದು ಹಣಿಕಿ ಹಾಕಿದ್ದೆ. ಹಾಡಹಗಲ ಒಂದ ಚುಕ್ಕಿ ಕಂಡಿತ್ತು ನೋಡು.”

“ಅದು ಶುಕ್ರ ಇರಬೇಕವ್ವ,” ಅಂದೆ.

“ಹೌದನು?” ಎಂದವಳು ಎದ್ದು ಕೂತಳು. “ಈಗೂ ಕಾಣತದೇನು?”