ಗಾಳಿಗಿಂತ ಮೊದಲು ಬ್ರೇಕು

ಈಜು, ಸೈಕಲ್ ಸವಾರಿ, ಓಟ ಮೂರನ್ನೂ ಒಂದೇ ಪಂದ್ಯದಲ್ಲಿ ಮುಗಿಸುವ ಟ್ರಯಥ್ಲಾನಿನ ಹಂಬಲ ಹತ್ತಿದವನಿಗೆ ಮೊದಲು ಎದುರಾಗುವುದು ನೀರಲ್ಲ, ಅಂಗಡಿ. ಅಲ್ಲಿ ಎರಡು ಸೈಕಲುಗಳು ಅವನನ್ನು ಕಾದಿರುತ್ತವೆ. ರೋಡ್ ಸೈಕಲಿನ ಹಿಡಿ ಟಗರಿನ ಕೊಂಬಿನಂತೆ ಬಾಗಿದ್ದು. ಟ್ರಯಥ್ಲಾನ್ ಸೈಕಲಿನಲ್ಲಾದರೋ ಮುಂದಕ್ಕೆ ಚಾಚಿದ ಜೋಡಿ ಕೋಲುಗಳನ್ನು ಹಿಡಿದು, ಮೊಣಕೈಯೂರಿ, ಬಾಣದಂತೆ ಬಾಗಬೇಕು. ಹೊಸಬನ ಮನಸ್ಸು ಅತ್ತಲೇ ಹರಿಯುತ್ತದೆ.

ಆ ಮೋಹ ನಿರಾಧಾರವೇನೂ ಅಲ್ಲ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಮೈ ಕುಗ್ಗಿದಷ್ಟೂ ಗಾಳಿ ದಾರಿ ಬಿಡುತ್ತದೆ. 1989ರ ಟೂರ್ ದ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಾಂಡ್ ಇಂಥ ಕೋಲುಗಳನ್ನು ಹಿಡಿದು ಸಾಗಿ, ಇಡೀ ಸ್ಪರ್ಧೆಯನ್ನು ಕೇವಲ 8 ಸೆಕೆಂಡುಗಳ ಅಂತರದಿಂದ ಗೆದ್ದನು.

ಆದರೆ ಕೋಲಿನ ತುದಿಯಲ್ಲಿರುವುದು ಗೇರು. ಬ್ರೇಕು ಕೈಗೆ ದೂರ. ಹಠಾತ್ತನೆ ಮಗುವೊಂದು ಅಡ್ಡ ಬಂದರೆ, ಕೈ ಬ್ರೇಕನ್ನು ಮುಟ್ಟುವಷ್ಟರಲ್ಲಿ ಅನಾಹುತವೇ ಆದೀತು. ಒಬ್ಬರ ಬೆನ್ನಿಗೊಬ್ಬರು ಸಾಗಲು ಅನುಮತಿಯಿರುವ ಒಲಿಂಪಿಕ್ ಟ್ರಯಥ್ಲಾನಿನಲ್ಲಿಯೂ ನುರಿತವರು ಏರುವುದು ರೋಡ್ ಸೈಕಲನ್ನೇ.

ಕೋಲುಗಳನ್ನು ಅದಕ್ಕೆ ಮುಂದೆಂದಾದರೂ ಬಿಗಿಸಿಕೊಳ್ಳಬಹುದು. ಮತ್ತೊಂದು ಸೈಕಲಿನ ಖರ್ಚೂ ಉಳಿದೀತು. ಗಾಳಿಯನ್ನು ಸೀಳುವ ವಿದ್ಯೆ ನಾಳೆಗಿರಲಿ, ನಿಲ್ಲುವ ವಿದ್ಯೆ ಇಂದೇ ಕೈಗೂಡಲಿ. ಮಗ ಸುಖವಾಗಿ ಮನೆ ಸೇರಿದರೆ ತಾಯಿಯ ಪಾಲಿಗೆ ಅದೇ ಪದಕ.