ಮೈಮೇಲಿನ ದೀಪಕ್ಕೆ ಎಷ್ಟು ವೋಲ್ಟ್?

ಶಾಮನೂರಿನ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆ ನಡೆದಾಗ ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕ ನನ್ನ ಪಾಲಿಗೆ ಬಂದಿತ್ತು. ಅದೇ ವಾರ ವಾರ್ಷಿಕೋತ್ಸವದ ತಯಾರಿಯೂ ಇತ್ತು. ಕನ್ನಡ ಹಾಡಿಗೆ ಕುಣಿಯುವ ಎಂಟು ಮಕ್ಕಳ ಅಂಗಿಗೆ ಎಲ್‌ಇಡಿ ಸ್ಟ್ರಿಪ್ ಹೊಲಿಯಬೇಕೆಂದು ತರಗತಿ ತೀರ್ಮಾನಿಸಿತ್ತು. ಅದನ್ನೇ ಪಾಠಯೋಜನೆಗೆ ಸೇರಿಸಿಕೊಳ್ಳಲು ಮಾರ್ಗದರ್ಶಕ ಶಿಕ್ಷಕರು ಒಪ್ಪಿದರು.

ಗಣಪತಿ ಪೆಂಡಾಲಿಗೆ ಕಟ್ಟುವಂಥ 12 ವೋಲ್ಟಿನ ಸ್ಟ್ರಿಪ್‌ಗಳನ್ನು ಬಿಳಿ, ಕೆಂಪು, ಹಳದಿ ಬಣ್ಣಗಳಲ್ಲಿ ತಂದೆವು. ಹಗುರವೆಂದು ಮಕ್ಕಳು ಆರಿಸಿದ್ದು 9 ವೋಲ್ಟಿನ ಪುಟ್ಟ ಬ್ಯಾಟರಿ. ಜೋಡಿಸುವ ಮೊದಲು, ಏನಾಗಬಹುದು ಎಂದು ಕೇಳಿದೆ. “ಮುಕ್ಕಾಲು ಪಾಲು ಬೆಳಕು ಬರುತ್ತೆ ಮಿಸ್” ಎಂದರು. ಕೆಂಪು ಚೆನ್ನಾಗಿ ಬೆಳಗಿತು. ಬಿಳಿ ಮಿಣುಕಿತು ಅಷ್ಟೇ.

ಏಕೆ? ಈ ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿ, ಒಂದು ರೋಧಕ ಸರಣಿಯಲ್ಲಿರುತ್ತವೆ. ಇಂಥ ಗುಂಪುಗಳು ಸಮಾಂತರವಾಗಿರುತ್ತವೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು, ಮೂರಕ್ಕೆ 6. ಒಂಬತ್ತರಲ್ಲಿ 3 ವೋಲ್ಟ್ ರೋಧಕಕ್ಕೆ ಉಳಿಯುತ್ತದೆ. ಹನ್ನೆರಡರಲ್ಲಿ 6 ಉಳಿಯುತ್ತಿತ್ತು. ಹಾಗಾಗಿ ಪ್ರವಾಹ ಮುಕ್ಕಾಲಲ್ಲ, ಸುಮಾರು ಅರ್ಧ. ಬಿಳಿಗೆ ಒಂದೊಂದಕ್ಕೂ ಸುಮಾರು 3 ವೋಲ್ಟ್, ಮೂರಕ್ಕೆ 9. ರೋಧಕಕ್ಕೆ ಹೆಚ್ಚುಕಡಿಮೆ ಏನೂ ಉಳಿಯದು. ಕಪ್ಪುಹಲಗೆಯ ಮೇಲೆ ಈ ಕಳೆಯುವ ಲೆಕ್ಕವನ್ನು ಮಕ್ಕಳೇ ಬರೆದರು.

ಬಿಳಿಯೇ ಬೇಕೆಂದರೆ ಒಬ್ಬೊಬ್ಬರಿಗೆ 1.5 ವೋಲ್ಟಿನ ಎಂಟು ಸೆಲ್, ಒಟ್ಟು 64. ಆಗ ಒಬ್ಬ ಹುಡುಗ, “ಅಣ್ಣನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹಳೇ ಬ್ಯಾಟರಿ ರಾಶಿ ಬಿದ್ದಾವೆ ಮಿಸ್, ಪುಕ್ಕಟೆ ಸಿಗ್ತಾವೆ” ಎಂದ. ಖರ್ಚು ಉಳಿಸುವ ಅವನ ಕಾಳಜಿ ನಿಜವಾದದ್ದೇ. ಆದರೂ ಬೇಡವೆಂದೆ. ಲಿಥಿಯಂ ಬ್ಯಾಟರಿಯ ತಂತಿಗಳು ಒಂದಕ್ಕೊಂದು ತಾಗಿದರೆ ಒಮ್ಮೆಲೇ ಭಾರಿ ಪ್ರವಾಹ ಹರಿದು ಬೆಂಕಿ ಹೊತ್ತಬಹುದು. ಮೇಜಿನ ಮೇಲಿದ್ದರೆ ಕೈ ಹಿಂದೆ ತೆಗೆಯಬಹುದು. ಸೊಂಟಕ್ಕೆ ಕಟ್ಟಿದ್ದನ್ನು ಕುಣಿಯುವ ಮಗು ಹೇಗೆ ಬಿಚ್ಚೀತು? ಇದನ್ನು ವಿವರಿಸಿದಾಗ ತರಗತಿ ಸುಮ್ಮನಾಯಿತು.

ಸ್ವಲ್ಪ ಹೊತ್ತಿಗೆ ಅದೇ ಹುಡುಗ ಹಳದಿ ಸ್ಟ್ರಿಪ್ ಎತ್ತಿಕೊಂಡು, “ಇದೂ ಕೆಂಪಿನ ಹಂಗೇನಾ?” ಎಂದ. ಜೋಡಿಸಿ ನೋಡಿದೆವು; ಚೆನ್ನಾಗಿಯೇ ಬೆಳಗಿತು. ಕನ್ನಡ ಬಾವುಟದ ಎರಡೂ ಬಣ್ಣ 9 ವೋಲ್ಟಿನಲ್ಲೇ ಸಿಕ್ಕವು! ಸ್ಟ್ರಿಪ್ ಮೇಲೆ ಗುರುತಿರುವಲ್ಲಿ, ಅಂದರೆ ಮೂರು ದೀಪಕ್ಕೊಮ್ಮೆ, ಕತ್ತರಿಸಿ ಒಬ್ಬರಿಗೆ ಅರ್ಧ ಮೀಟರ್ ಹೊಲಿದೆವು. ಮಲ್ಟಿಮೀಟರ್ ಸುಮಾರು 0.1 ಆಂಪಿಯರ್ ತೋರಿಸಿತು. ಕೆಲವು ನಿಮಿಷಗಳ ಕುಣಿತಕ್ಕೆ ಬ್ಯಾಟರಿ ಧಾರಾಳ ಸಾಕು.

ತಾಳಕ್ಕೆ ಮಿನುಗಬೇಕೆಂಬ ಆಸೆಯೂ ಇತ್ತು. ಆರ್ಡುಯಿನೋದ ಒಂದು ಪಿನ್ನಿನಿಂದ ಸುಮಾರು 20 ಮಿಲಿಆಂಪಿಯರ್ ಪಡೆಯುವುದೇ ಕ್ಷೇಮ. ಸ್ಟ್ರಿಪ್ ನಡೆಸಲು ನಡುವೆ ಟ್ರಾನ್ಸಿಸ್ಟರ್ ಬೇಕೇ ಬೇಕು. ಅದನ್ನು ತರಗತಿಯಲ್ಲಿ ತೋರಿಸಿದೆ. ಅಂಗಿಗೆ ಮಾತ್ರ, ಅಂಗೈಯಲ್ಲಿ ಹಿಡಿಯುವ ಒತ್ತುಗುಂಡಿ ಸಾಕಾಯಿತು.

ಈ ಚಟುವಟಿಕೆ ಎರಡು ಅವಧಿ ತೆಗೆದುಕೊಂಡಿತು. ಮುಂದೆ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು: ಜೋಡಿಸುವ ಮೊದಲು ಮಕ್ಕಳಿಂದ ಊಹೆ ಬರೆಸಿ, ಮಗುವಿನ ಮೈಗೆ ಕಟ್ಟುವ ಬ್ಯಾಟರಿಯನ್ನು ನೀವೇ ಆರಿಸಿ, ಉಳಿದ ಆಯ್ಕೆ ಅವರಿಗೆ ಬಿಡಿ.